ಅಸಂಭವ ಎಂದರೆ ಆಗದ್ದೋ, ಆಗುವುದು ಕಷ್ಟವೋ?

ತರ್ಜುಮೆಗಾರ:
ಅಪೋಫಿಸ್ ಎಂಬ ಕ್ಷುದ್ರಗ್ರಹದ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದು 2029ರ ಏಪ್ರಿಲ್ 13ರಂದು ಭೂಮಿಗೆ ಬಡಿಯುವ ಸಾಧ್ಯತೆ ಶೇಕಡಾ 2.7 ಎಂಬ ಲೆಕ್ಕ 2004ರ ಡಿಸೆಂಬರಿನಲ್ಲಿ ಹೊರಬಿದ್ದಿತ್ತು. ಹೆಚ್ಚಿನ ವೀಕ್ಷಣೆಗಳು ಸಿಕ್ಕ ಮೇಲೆ ಆ ಭಯ ತೊಲಗಿತು, ಅದು ಬೇರೆ ಮಾತು. ಆ 2.7ರ ದಿನಗಳನ್ನು ಬಣ್ಣಿಸುವಾಗ ‘ಡಿಕ್ಕಿ ಅಸಂಭವವೆಂದು ವಿಜ್ಞಾನಿಗಳು ತಿಳಿದಿದ್ದರು’ ಎಂದು ಬರೆದೆ. ಓದಿದ ಗೆಳೆಯರು, ‘ಅಸಂಭವವಾಗಿದ್ದರೆ ಹಗಲಿರುಳು ದೂರದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತದ್ದೇಕೆ?’ ಎಂದು ಕೇಳಿದರು. ಅವರಿಗೆ ಅಸಂಭವ ಎಂದರೆ ಆಗಲಾರದ್ದು. ನನಗೆ ಆಗುವ ಸಾಧ್ಯತೆ ತೀರ ಕಡಿಮೆ ಇರುವುದು. ಇಬ್ಬರೂ ಕನ್ನಡವನ್ನೇ ಓದಿ ಬೆಳೆದವರು! ಬೇರೆ ಭಾಷೆಗಳು ಇವೆರಡನ್ನು ಹೇಗೆ ಬೇರೆಮಾಡಿಕೊಂಡಿವೆ? ಆ ಪದಗಳ ಬೇರು ಎಲ್ಲಿಂದ ಬಂದದ್ದು? ಬಲ್ಲವರು ತಿಳಿಸಿ.

ಗಣಿತದ ಮೇಷ್ಟ್ರು:
ಮೂರು ಸಂಗತಿಗಳು ಇಲ್ಲಿ ಕಲಸಿಹೋಗಿವೆ. ಆಗಲು ಸಾಧ್ಯವೇ ಇಲ್ಲದ್ದು, ಆಗುವ ಸಾಧ್ಯತೆ ಕಡಿಮೆ ಇರುವುದು, ಆಗುತ್ತದಾದರೂ ಬಹಳ ದಿನಕ್ಕೊಮ್ಮೆ ಆಗುವುದು. ಮೊದಲನೆಯದು ಅಸಾಧ್ಯ. ಮೂರನೆಯದು ಅಪರೂಪ ಅಥವಾ ವಿರಳ. ನಡುವಿನದಕ್ಕೆ ಇರುವ ಹೆಸರು ಅಸಂಭವ. ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತಲೇ ಇರುತ್ತದೆ. ಹಿಂದಿಯಲ್ಲಂತೂ ‘ಅಸಂಭವ್’ ಪೂರ್ತಿಯಾಗಿ ‘ಅಸಾಧ್ಯ’ದ ಮನೆಗೆ ಸೇರಿಬಿಟ್ಟಿದೆ. ನಿಮ್ಮ ಗೆಳೆಯರ ಕಿವಿ ಹಿಂದಿಗೆ ಒಗ್ಗಿದ್ದರೆ ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಪದಶೋಧ:
ಒಳ್ಳೆಯ ಪ್ರಶ್ನೆ. ಯುರೋಪಿನ ಭಾಷೆಗಳ ಕಡೆಯಿಂದ ಆರಂಭಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಮೊದಲು ಕಣ್ಣಿಗೆ ಬೀಳುವುದು ‘ಸತ್ಯದಂತೆ ಕಾಣುವುದು’ ಎಂಬ ಹೋಲಿಕೆ. ಲ್ಯಾಟಿನ್ನಿನ ‘ವೆರಿಸಿಮಿಲಿಸ್’ ಎಂದರೆ ಸತ್ಯಕ್ಕೆ ಸದೃಶವಾದದ್ದು. ಅದೇ ಅಚ್ಚಿನಲ್ಲಿ ಜರ್ಮನ್ನಿನ ‘ವಾರ್‌ಶೈನ್‌ಲಿಶ್’: ‘ವಾರ್’ ಸತ್ಯ, ‘ಶೈನೆನ್’ ತೋರು. ಪದದ ಮೊದಲಿಗೆ ‘ಉನ್’ ಸೇರಿಸಿದರೆ ಸಂಭವ ಕಡಿಮೆಯಾದದ್ದು. ಪೋಲಿಷ್ ಭಾಷೆಯ ‘ಪ್ರಾವ್ದೊಪೊದೊಬ್ನಿ’, ಫ್ರೆಂಚಿನ ‘ವ್ರೆಸಾಂಬ್ಲಾಬ್ಲ್’ ಇದೇ ಬಳಗ. ಇಂಡೋ-ಯುರೋಪಿಯನ್ ಕುಟುಂಬಕ್ಕೇ ಸೇರದ ಫಿನ್ನಿಷ್ ಕೂಡ ‘ತೊಡೆನ್ನಾಕೊಯಿನೆನ್’ ಎನ್ನುತ್ತದೆ, ಅಂದರೆ ಸತ್ಯದ ಚಹರೆ ಉಳ್ಳದ್ದು. ಹಂಗೇರಿಯನ್ನರ ‘ವಲೋಸೀನೂ’ ನನಗೆ ಎಲ್ಲಕ್ಕಿಂತ ಇಷ್ಟ: ‘ಸೀನ್’ ಎಂದರೆ ಬಣ್ಣ, ಆದ್ದರಿಂದ ಅದು ‘ನಿಜದ ಬಣ್ಣದ್ದು’. ಅಸಂಭವವಾದದ್ದು ನಿಜದ ಬಣ್ಣ ಹತ್ತದೆ ಉಳಿದದ್ದು.

ಇಂಗ್ಲಿಷಿನ ‘ಅನ್‌ಲೈಕ್ಲಿ’ ಇದರ ನೆಂಟನೇ. ‘ಲೈಕ್’ ಎಂಬುದರ ಬೇರು ‘ಲಿಕ್’. ಹಳೆಯ ಜರ್ಮಾನಿಕ್ ಭಾಷೆಗಳಲ್ಲಿ ಅದಕ್ಕೆ ದೇಹ, ಆಕಾರ ಎಂಬ ಅರ್ಥ. ಅದೇ ಬೇರಿನಿಂದ ಜರ್ಮನ್ನಿಗೆ ಹೆಣ ಎಂಬ ಅರ್ಥದ ‘ಲೈಶೆ’ ಬಂದಿದೆ. ಒಂದೇ ಬೇರಿನಿಂದ ಹೆಣವೂ ಸಂಭವನೀಯತೆಯೂ ಹುಟ್ಟುವುದೆಂದರೆ ಭಾಷೆಗೆ ನಾಚಿಕೆಯೇ ಇಲ್ಲ.

ರಷ್ಯನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸಂಭವನೀಯತೆಗೆ ‘ವೆರೊಯಾತ್ನೊಸ್ತ್’ ಎನ್ನುತ್ತಾರೆ, ಒಳಗಿರುವುದು ‘ವೇರಾ’, ನಂಬಿಕೆ. ಅದಕ್ಕೆ ನೇರವಾಗಿ ‘ನೆ’ ಹಚ್ಚಿದರೆ ‘ನೆವೆರೊಯಾತ್ನಿ’, ಅಂದರೆ ‘ನಂಬಲಸಾಧ್ಯ’. ಮೆಚ್ಚುಗೆಯ ಉದ್ಗಾರಕ್ಕೂ ಬಳಸುತ್ತಾರೆ. ತರ್ಜುಮೆಗಾರರು ಹುಡುಕುತ್ತಿರುವ ಅರ್ಥಕ್ಕೆ ಅವರು ಇಟ್ಟುಕೊಂಡಿರುವುದು ‘ಮಾಲೊವೆರೊಯಾತ್ನಿ’, ‘ಮಾಲೊ’ ಎಂದರೆ ಸ್ವಲ್ಪ. ಅಂದರೆ ‘ಅಲ್ಪವಾಗಿ ನಂಬಬಹುದಾದದ್ದು’. ಅವರೂ ನಮ್ಮ ‘ಅ’ಕಾರದಂಥ ನಿಷೇಧದಿಂದ ಕೈಸುಟ್ಟುಕೊಂಡೇ ಈ ಪದವನ್ನು ಬೇರೆ ಮಾಡಿಕೊಂಡರೇನೋ ಎನಿಸುತ್ತದೆ.

ಅರಬ್ಬಿಯಲ್ಲಿ ನಂಬಿಕೆಯೂ ಇಲ್ಲ, ಹೋಲಿಕೆಯೂ ಇಲ್ಲ. ಅಲ್ಲಿ ಅಳೆಯುವುದು ದೂರವನ್ನು. ‘ಮುಸ್ತಬ್‌ಅದ್’ ಎಂದರೆ ದೂರವೆಂದು ಬಗೆದದ್ದು. ನಾವು ‘ಅದು ದೂರದ ಮಾತು’ ಎನ್ನುವುದಿಲ್ಲವೇ, ಹಾಗೆ. ಸಾಧ್ಯತೆಗೆ ಅವರು ‘ಇಹ್ತಿಮಾಲ್’ ಎನ್ನುತ್ತಾರೆ, ಅದರ ಧಾತುವಿಗೆ ಹೊರು ಎಂಬ ಅರ್ಥ. ಆ ಸಂಗತಿಯ ಭಾರವನ್ನು ಮನಸ್ಸು ಹೊರಬಲ್ಲದೇ ಎಂಬುದೇ ಪ್ರಶ್ನೆ.

ಓದುಗಿ:
ಜಪಾನಿ ಭಾಷೆಯ ಧನ್ಯವಾದ ಬಿಟ್ಟುಹೋಯಿತಲ್ಲ ಪದಶೋಧರೇ! ‘ಅರಿಗಾತೋ’ ಬಂದದ್ದು ‘ಅರಿಗಾತಾಶಿ’ಯಿಂದ: ‘ಅರಿ’ ಇರುವುದು, ‘ಗಾತಾಶಿ’ ಕಷ್ಟ. ಇರುವುದೇ ಕಷ್ಟವಾದದ್ದು, ಸಿಗಲಾರದ್ದು. ಅಂಥದ್ದು ಸಿಕ್ಕಿತೆಂಬ ಕೃತಜ್ಞತೆಯೇ ದಿನಬಳಕೆಯ ಮಾತಾಯಿತು. ನಮ್ಮ ‘ದುರ್ಲಭ’ ಪದದ ರಚನೆಯೂ ಹೆಚ್ಚುಕಡಿಮೆ ಇದೇ ಅಲ್ಲವೇ?

ನ್ಯಾಯಪಾಠಿ:
ಹೌದು, ಪಡೆಯಲು ಕಷ್ಟವಾದದ್ದು ದುರ್ಲಭ. ಆದರೆ ಅದು ಸಿಗುವವನ ಕಡೆಯಿಂದ ನೋಡಿದ ಮಾತು, ಅಸಂಭವ ಸಂಗತಿಯ ಕಡೆಯಿಂದ ನೋಡಿದ್ದು. ಈ ಅಸಂಭವದ ವಂಶಾವಳಿಯನ್ನು ಬಿಡಿಸುತ್ತೇನೆ.

‘ಸಂ’ ಎಂಬ ಉಪಸರ್ಗದೊಂದಿಗೆ ‘ಭೂ’ ಧಾತು. ಒಟ್ಟಾಗಿ ಇರು, ಕೂಡಿಬರು, ಹುಟ್ಟು ಎಂಬ ಅರ್ಥಗಳು. ಕುಮಾರಸಂಭವದಲ್ಲಿ ಸಂಭವ ಎಂದರೆ ಹುಟ್ಟೇ. ಅಂದರೆ ಸಂಸ್ಕೃತ ಇಲ್ಲಿ ಸತ್ಯದ ಹೋಲಿಕೆಯನ್ನೂ ನೋಡಲಿಲ್ಲ, ನಂಬಿಕೆಯನ್ನೂ ನೋಡಲಿಲ್ಲ. ಕಾರಣಗಳು ಕೂಡಿಬರುತ್ತವೆಯೇ ಎಂದು ಕೇಳಿತು. ಕನ್ನಡದಲ್ಲಿ ‘ಕಾಲ ಕೂಡಿಬರಬೇಕು’ ಎನ್ನುವಾಗ ನಾವು ಮಾಡುವುದೂ ಅದನ್ನೇ.

ಶಾಸ್ತ್ರಗಳಲ್ಲಿ ಈ ಪದ ಮೂರು ಕಡೆ ಮೂರು ವೇಷ ಹಾಕುತ್ತದೆ. ಒಂದು, ‘ಸಂಭವ’ ಎಂಬ ಹೆಸರಿನ ಪ್ರಮಾಣವೇ, ಅಂದರೆ ಅರಿವಿನ ಸಾಧನವೇ, ಇತ್ತು. ಸಾವಿರ ಇದೆ ಎಂದರೆ ಅದರೊಳಗೆ ನೂರು ಇದ್ದೇ ಇದೆ ಎಂಬ ಬಗೆಯ ತಿಳಿವು ಅದು. ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರಗಳು ಅದನ್ನು ಹೆಸರಿಸಿ, ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಅನುಮಾನದೊಳಗೆ (ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದರೊಳಗೆ) ಸೇರಿಸುತ್ತವೆ. ಇಲ್ಲಿ ‘ಸಂಭವ’ ಎಂದರೆ ‘ಆಗಬಹುದು’ ಅಲ್ಲ, ‘ಇದ್ದೇ ತೀರಬೇಕು’!

ಎರಡು, ತರ್ಕ ಓದುವವರು ಆರಂಭದಲ್ಲೇ ಬಾಯಿಪಾಠ ಮಾಡುವ ಲಕ್ಷಣದೋಷಗಳು, ಅಂದರೆ ವ್ಯಾಖ್ಯೆಯ ತಪ್ಪುಗಳು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಹಸುವಿಗೆ ‘ಕಪಿಲವರ್ಣದ್ದು’ ಎಂಬ ಲಕ್ಷಣ ಹೇಳಿದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ‘ಕೊಂಬುಳ್ಳದ್ದು’ ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅತಿವ್ಯಾಪ್ತಿ. ‘ಸೀಳಿಲ್ಲದ ಒಂದೇ ಗೊರಸುಳ್ಳದ್ದು’ ಎಂದರೆ ಒಂದು ಹಸುವೂ ಸಿಗುವುದಿಲ್ಲ, ಅದು ಅಸಂಭವ. ಇಲ್ಲಿ ಸಡಿಲವೇ ಇಲ್ಲ. ಶೇಕಡಾ 2.7ರಷ್ಟು ಹಸುಗಳಿಗೆ ಹೊಂದಿದರೂ ಅದು ಅಸಂಭವವಲ್ಲ, ಅವ್ಯಾಪ್ತಿ.

ಮೂರನೆಯದು ಅಲಂಕಾರಶಾಸ್ತ್ರ. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರ ಕುವಲಯಾನಂದದಲ್ಲಿ ‘ಅಸಂಭವ’ ಒಂದು ಅಲಂಕಾರ. ನಡೆದುಹೋದ ಸಂಗತಿಯನ್ನು ನಡೆಯಲಾರದ್ದೆಂಬಂತೆ ಬಣ್ಣಿಸುವುದು ಅದರ ಲಕ್ಷಣ. ಉದಾಹರಣೆ: ‘ಕೋ ವೇದ ಗೋಪಶಿಶುಕಃ ಶೈಲಮುತ್ಪಾಟಯೇದಿತಿ’, ದನಕಾಯುವ ಎಳೆಯ ಹುಡುಗ ಬೆಟ್ಟವನ್ನೇ ಕಿತ್ತೆತ್ತುತ್ತಾನೆಂದು ಯಾರಿಗೆ ಗೊತ್ತಿತ್ತು? ಎತ್ತಿ ಆದ ಮೇಲಿನ ಮಾತು ಇದು. ಅಂದರೆ ತಾರ್ಕಿಕನಿಗೆ ಅಸಂಭವ ಎಲ್ಲೂ ಇಲ್ಲದ್ದು. ಆಲಂಕಾರಿಕನಿಗೆ ಕಣ್ಣೆದುರೇ ನಡೆದದ್ದು. ತರ್ಜುಮೆಗಾರರ ಜಗಳ ಹೊಸದೇನಲ್ಲ.

ಪದಶೋಧ:
ನ್ಯಾಯಪಾಠಿಗಳ ಮಾತಿಗೆ ಒಂದು ಬಾಲಂಗೋಚಿ ಕಟ್ಟಲೇಬೇಕು. ಅದೇ ಧಾತುವಿನ ‘ಸಂಭಾವಿತ’ ನಮ್ಮಲ್ಲಿ ಮರ್ಯಾದಸ್ಥ. ‘ಸಂಭಾವಿತಸ್ಯ ಚಾಕೀರ್ತಿಃ ಮರಣಾದತಿರಿಚ್ಯತೇ’ ಎಂಬ ಗೀತೆಯ ಮಾತಿನಲ್ಲೂ ಅವನೇ. ‘ಸಂಭಾವನೆ’ ಎಂದರೆ ನಮಗೆ ಗೌರವಧನ. ಹಿಂದಿ, ಬಂಗಾಳಿಗಳಲ್ಲಿ ಅದೇ ಪದ ಸಾಧ್ಯತೆಯಾಗಿ ಉಳಿದಿದೆ. ಮಾನ್ಯತೆಗೂ ಸಾಧ್ಯತೆಗೂ ಎಲ್ಲಿಯ ನಂಟು ಎಂದು ಕೇಳುವ ಮೊದಲು ಲ್ಯಾಟಿನ್ ನೋಡಿ. ‘ಪ್ರೊಬಾಬಿಲಿಸ್’ಗೂ ಮೊದಲ ಅರ್ಥ ‘ಮೆಚ್ಚತಕ್ಕದ್ದು, ಒಪ್ಪತಕ್ಕದ್ದು’. ‘ಪ್ರೊಬಾರೆ’ ಎಂದರೆ ಪರೀಕ್ಷಿಸಿ ಒಪ್ಪು. ಮಧ್ಯಯುಗದ ಯುರೋಪಿನಲ್ಲಿ ಸಂಭವನೀಯವಾದ ಅಭಿಪ್ರಾಯವೆಂದರೆ ದೊಡ್ಡವರು ಒಪ್ಪಿದ ಅಭಿಪ್ರಾಯ. ಫ್ರೆಂಚ್ ಗಣಿತಜ್ಞರಾದ ಪಾಸ್ಕಲ್ ಮತ್ತು ಫೆರ್ಮಾ 1654ರಲ್ಲಿ ಜೂಜಿನ ಪಣ ಹಂಚುವ ಲೆಕ್ಕದ ಬಗ್ಗೆ ಪತ್ರ ಬರೆದುಕೊಂಡ ಮೇಲೆ ತಾನೇ ಅದಕ್ಕೆ ಅಂಕಿ ಅಂಟಿಕೊಂಡದ್ದು. ಪರಸ್ಪರ ಸಾಲ ಪಡೆಯದ ಎರಡು ಭಾಷೆಗಳಲ್ಲಿ ಒಂದೇ ಪದ ಮರ್ಯಾದೆಗೂ ಸಾಧ್ಯತೆಗೂ ನಿಂತಿದೆ. ಹಾಗಾದರೆ ಯಾರೂ ಬೆಲೆ ಕೊಡದ ಮಾತೇ ಅಸಂಭವ!

ಹರಟೆಮಲ್ಲ:
ಇಷ್ಟೆಲ್ಲ ಏಕೆ? ‘ಮೊಲಕ್ಕೆ ಮೂರೇ ಕಾಲು’ ಎಂದು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿಲ್ಲವೇ?

ನ್ಯಾಯಪಾಠಿ:
ಅದು ಹಟಮಾರಿಯ ಗಾದೆ ಮಾರಾಯರೇ, ಅಸಂಭವದ್ದಲ್ಲ. ನಿಮಗೆ ಬೇಕಾದದ್ದು ಮೊಲದ ಕಾಲಲ್ಲ, ಕೊಂಬು. ಶಶಶೃಂಗ, ಖಪುಷ್ಪ, ವಂಧ್ಯಾಪುತ್ರ, ಮರೀಚಿಕೆಯ ನೀರು. ನಾಲ್ಕನ್ನೂ ಕೂಡಿಸಿ ಯಾರೋ ಶ್ಲೋಕ ಹೊಸೆದಿದ್ದಾರೆ: ‘ಏಷ ವಂಧ್ಯಾಸುತೋ ಯಾತಿ ಖಪುಷ್ಪಕೃತಶೇಖರಃ, ಮೃಗತೃಷ್ಣಾಂಭಸಿ ಸ್ನಾತಃ ಶಶಶೃಂಗಧನುರ್ಧರಃ’. ಇಗೋ, ಬಂಜೆಯ ಮಗ ಹೊರಟಿದ್ದಾನೆ. ಬಿಸಿಲ್ಗುದುರೆಯ ನೀರಿನಲ್ಲಿ ಮಿಂದಿದ್ದಾನೆ, ಆಕಾಶದ ಹೂ ಮುಡಿದಿದ್ದಾನೆ, ಮೊಲದ ಕೊಂಬಿನ ಬಿಲ್ಲು ಹಿಡಿದಿದ್ದಾನೆ. ಒಂದು ಸೂಕ್ಷ್ಮ ಗಮನಿಸಿ. ಬಂಜೆಯ ಮಗ ಎಂಬುದು ಮಾತಿನಲ್ಲೇ ಮುರಿದುಬೀಳುತ್ತದೆ, ಮಗನಿದ್ದರೆ ಅವಳು ಬಂಜೆಯಲ್ಲ. ಮೊಲದ ಕೊಂಬು ಹಾಗಲ್ಲ. ಮಾತಿನಲ್ಲಿ ವಿರೋಧವಿಲ್ಲ, ಲೋಕದಲ್ಲಿ ಕಂಡಿಲ್ಲ, ಅಷ್ಟೇ.

ಓದುಗಿ:
ಲೋಕದಲ್ಲಿ ಕಂಡಿದೆಯಲ್ಲ! ಅಮೆರಿಕದ ಕಾಡುಮೊಲಗಳ ತಲೆಯ ಮೇಲೆ ಕೊಂಬಿನಂಥ ಗಟ್ಟಿ ಬೆಳವಣಿಗೆ ಮೂಡುವುದುಂಟು. ಅದಕ್ಕೆ ವೈರಸ್ ಕಾರಣವೆಂದು ಅಮೆರಿಕದ ವಿಜ್ಞಾನಿ ರಿಚರ್ಡ್ ಶೋಪ್ 1933ರಲ್ಲಿ ತೋರಿಸಿದರು. ನಿಜವಾದ ಕೊಂಬಲ್ಲ, ಗಂಟು. ಆದರೆ ದೂರದಿಂದ ನೋಡಿದವನು ಶಶಶೃಂಗವೆಂದೇ ಆಣೆ ಮಾಡಿಯಾನು.

ಇದೊಂದೇ ಅಲ್ಲ. ಲೋಕದ ಭಾಷೆಗಳು ‘ಎಂದೂ ಆಗದು’ ಎನ್ನಲು ಆರಿಸಿಕೊಂಡ ಪ್ರಾಣಿಗಳೆಲ್ಲ ಒಂದೊಂದಾಗಿ ಮಾತು ತಪ್ಪಿಸಿವೆ. ‘ಕೋಳಿಗಳಿಗೆ ಹಲ್ಲು ಬಂದಾಗ’ ಎನ್ನುತ್ತಾರೆ ಫ್ರೆಂಚರು. ಒಂದು ಬಗೆಯ ರೂಪಾಂತರಿತ ಕೋಳಿ ಭ್ರೂಣಗಳಲ್ಲಿ ಮೊಸಳೆಯ ಹಲ್ಲನ್ನು ಹೋಲುವ ಮೊಳಕೆಗಳಿರುವುದನ್ನು ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. ‘ಕಪ್ಪೆಗಳಿಗೆ ಕೂದಲು ಬೆಳೆದಾಗ’ ಎಂಬುದು ಸ್ಪ್ಯಾನಿಷ್. ಮಧ್ಯ ಆಫ್ರಿಕಾದಲ್ಲಿ ಕೂದಲಿನಂಥ ಚರ್ಮದ ಎಳೆಗಳನ್ನು ಹೊತ್ತ ಗಂಡು ಕಪ್ಪೆಗಳೇ ಇವೆ. ಹಂಗೇರಿಯನ್ನರು ಕೆಂಪು ಹಿಮ ಬೀಳಲಿ ಎಂದು ಕಾಯುತ್ತಾರೆ. ಸಹಾರಾದ ಧೂಳು ಬೆರೆತಾಗ ಯುರೋಪಿನ ಬೆಟ್ಟಗಳ ಮೇಲೆ ಕೆಂಬಣ್ಣದ ಹಿಮ ಬೀಳುತ್ತದೆ. ರಷ್ಯನ್ನರ ‘ಬೆಟ್ಟದ ಮೇಲೆ ಕ್ರೇಫಿಶ್ ಸೀಟಿ ಹೊಡೆದಾಗ’ (ಕ್ರೇಫಿಶ್ ಎಂದರೆ ಸಿಗಡಿಯ ನೆಂಟ) ಎಂಬುದು ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿದೆ. ತುರ್ಕರ ಮೀನು ಪಾಪ್ಲರ್ ಮರ ಹತ್ತಿದ ಸುದ್ದಿಯೂ ಬಂದಿಲ್ಲ.

ಪದಶೋಧ:
ಇವುಗಳ ಹಿರಿಯಣ್ಣ ಕರಿಯ ಹಂಸ. ರೋಮನ್ ಕವಿ ಜುವೆನಲ್ ತನ್ನ ಆರನೆಯ ವಿಡಂಬನೆಯಲ್ಲಿ ಸರ್ವಗುಣಸಂಪನ್ನ ಹೆಂಡತಿಯನ್ನು ‘ಭೂಮಿಯ ಮೇಲೆ ಅಪರೂಪದ ಹಕ್ಕಿ, ಥೇಟ್ ಕರಿಯ ಹಂಸ’ ಎಂದ. ಇಲ್ಲಿ ‘ಅಪರೂಪ’ ಎಂಬುದು ವ್ಯಂಗ್ಯ, ಅವನ ಮನಸ್ಸಿನಲ್ಲಿದ್ದದ್ದು ‘ಇಲ್ಲವೇ ಇಲ್ಲ’. ಮುಂದೆ 1697ರಲ್ಲಿ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಗ್ ಪಶ್ಚಿಮ ಆಸ್ಟ್ರೇಲಿಯಾದ ನದಿಯೊಂದರಲ್ಲಿ ಕರಿಯ ಹಂಸಗಳ ಹಿಂಡನ್ನೇ ಕಂಡ. ಆ ನದಿಗೆ ಇಂದಿಗೂ ಹಂಸನದಿಯೆಂದೇ ಹೆಸರು. ಒಂದೇ ನುಡಿಗಟ್ಟು ಅಸಾಧ್ಯದಿಂದ ಅಪರೂಪಕ್ಕೆ ಜಾರಿದ್ದು ಹೀಗೆ. ಅರ್ಥ ಬದಲಾಯಿಸಿದವರು ವೈಯಾಕರಣರಲ್ಲ, ಹಡಗಿನವರು.

ಗ್ರೀಕ್ ಕವಿ ಆರ್ಕಿಲೊಕಸ್ ಇದನ್ನು ಕ್ರಿಸ್ತಪೂರ್ವ 7ನೆಯ ಶತಮಾನದಲ್ಲೇ ಕಂಡುಕೊಂಡಿದ್ದ. ನಡುಹಗಲಲ್ಲಿ ದೇವರಾಜ ಜೀಯಸ್ ಕತ್ತಲು ಕವಿಸಿದ ಮೇಲೆ (ಅದು ಕ್ರಿಸ್ತಪೂರ್ವ 648ರ ಸೂರ್ಯಗ್ರಹಣವಿರಬೇಕೆಂದು ವಿದ್ವಾಂಸರ ಊಹೆ) ಯಾವುದನ್ನೂ ‘ಆಗದು’ ಎಂದು ಆಣೆಯಿಟ್ಟು ಹೇಳುವಂತಿಲ್ಲ, ಕಾಡುಮೃಗಗಳು ಡಾಲ್ಫಿನ್‌ಗಳೊಂದಿಗೆ ಮೇವಿನ ಜಾಗ ಅದಲುಬದಲು ಮಾಡಿಕೊಂಡರೂ ಬೆರಗಾಗಬೇಡಿ ಎನ್ನುತ್ತಾನೆ.

ಹರಟೆಮಲ್ಲ:
ಮೊಲದ ಗಾದೆ ಬಿಟ್ಟೆ, ಇದನ್ನು ಹಿಡಿಯಿರಿ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ’. ಬೇರೆಯವರು ಅಸಂಭವವನ್ನು ಗಾದೆ ಮಾಡಿದರೆ, ಅದನ್ನು ನಂಬುವವನನ್ನು ಗಾದೆ ಮಾಡಿದ ಕನ್ನಡವೇ ಮೇಲು.

ಗಣಿತದ ಮೇಷ್ಟ್ರು:
ಒಪ್ಪಿದೆ. ಆದರೆ ತರ್ಜುಮೆಗಾರರಿಗೆ ಗಾದೆಯಿಂದ ಹೊಟ್ಟೆ ತುಂಬುವುದಿಲ್ಲ, ಅವರ ಕೈಯಲ್ಲಿ 2.7 ಎಂಬ ಅಂಕಿ ಇದೆ. ಪದ ಮತ್ತು ಅಂಕಿಯ ನಡುವೆ ಎಂಥ ಕಂದಕವಿದೆ ಎಂಬುದಕ್ಕೆ ಒಂದು ಪ್ರಸಂಗ. 1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಯುಗೊಸ್ಲಾವಿಯದ ಮೇಲೆ ಆಕ್ರಮಣ ನಡೆಯುವುದು ‘ಗಂಭೀರ ಸಾಧ್ಯತೆ’ ಎಂದು ವರದಿ ಬರೆದರು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್ ಆಮೇಲೆ ಸಹೋದ್ಯೋಗಿಗಳನ್ನು ವಿಚಾರಿಸಿದರೆ, ಆ ಮಾತಿಗೆ ಒಬ್ಬರು ಶೇಕಡಾ 20 ಎಂದುಕೊಂಡಿದ್ದರು, ಇನ್ನೊಬ್ಬರು 80! ಒಟ್ಟಿಗೆ ಕುಳಿತು ಒಪ್ಪಿ ಸಹಿ ಹಾಕಿದವರ ಕತೆ ಇದು. ಕೆಂಟ್ 1964ರಲ್ಲಿ ಪದಗಳಿಗೆ ಅಂಕಿ ಕಟ್ಟುವ ಪ್ರಸ್ತಾಪ ಬರೆದರು. ಇಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ವರದಿಗಳು ಅದೇ ಹಾದಿಯಲ್ಲಿವೆ: ಶೇಕಡಾ 33ರವರೆಗಿನದು ‘ಸಂಭವ ಕಡಿಮೆ’, 10ರವರೆಗಿನದು ‘ಸಂಭವ ಬಹಳ ಕಡಿಮೆ’, 1ರವರೆಗಿನದು ‘ಅಸಾಧಾರಣವಾಗಿ ಕಡಿಮೆ’. ಈ ಅಳತೆಯಲ್ಲಿ ಅಪೋಫಿಸ್ ಎರಡನೆಯ ಮೆಟ್ಟಿಲಿನಲ್ಲಿ ಕೂರುತ್ತದೆ.

ಇನ್ನೊಂದು ವಿಷಯ. ಸಂಭವನೀಯತೆ ಸೊನ್ನೆ ಎಂದಾಕ್ಷಣ ಅಸಾಧ್ಯವೆಂದಲ್ಲ. ಒಂದು ಗೆರೆಯ ಮೇಲೆ ಕಣ್ಣುಮುಚ್ಚಿ ಚುಕ್ಕಿ ಇಟ್ಟರೆ, ನಿರ್ದಿಷ್ಟವಾದ ಯಾವುದೇ ಒಂದು ಬಿಂದುವಿನ ಮೇಲೆ ಅದು ಬೀಳುವ ಸಂಭವನೀಯತೆ ಗಣಿತದ ಲೆಕ್ಕಕ್ಕೆ ಸೊನ್ನೆ. ಆದರೂ ಎಲ್ಲೋ ಒಂದು ಬಿಂದುವಿನ ಮೇಲೆ ಬಿದ್ದೇ ಬೀಳುತ್ತದೆ. ಕುವಲಯಾನಂದಕಾರರ ಅಸಂಭವಾಲಂಕಾರಕ್ಕೆ ಗಣಿತದವರ ಉದಾಹರಣೆ ಬೇಕಿದ್ದರೆ ಇದನ್ನು ಇಟ್ಟುಕೊಳ್ಳಬಹುದು.

ವ್ಯಾಕರಣದ ಗೀಳು:
ಇಲ್ಲಿಯವರೆಗೆ ಎಲ್ಲರೂ ನಾಮಪದದ ಹಿಂದೆಯೇ ಓಡಿದ್ದೀರಿ. ಕನ್ನಡ ಈ ಕೆಲಸವನ್ನು ನಾಮಪದಕ್ಕೆ ಒಪ್ಪಿಸಿಯೇ ಇಲ್ಲ, ಕ್ರಿಯಾಪದಕ್ಕೆ ಒಪ್ಪಿಸಿದೆ. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕಲಿತದ್ದು ನೆನಪಿದೆಯೇ? ಬಂದಾನು, ಹೋದಾಳು, ಮಳೆ ಸುರಿದೀತು. ಇಂಗ್ಲಿಷ್, ಜರ್ಮನ್‌ಗಳು ಸಹಾಯಕ ಕ್ರಿಯಾಪದ ಜೋಡಿಸಿ ಹೇಳುವುದನ್ನು ನಾವು ಪ್ರತ್ಯಯದಲ್ಲೇ ಮುಗಿಸುತ್ತೇವೆ. ಈಗ ಮೆಟ್ಟಿಲು ಇಳಿಯಿರಿ: ಬಂದಾನು, ಬಾರದಿದ್ದಾನು, ಬರಲಿಕ್ಕಿಲ್ಲ, ಬರಲಾರ, ಬಾರ. ‘ಬರಲಿಕ್ಕಿಲ್ಲ’ ಎಂಬುದು ತರ್ಜುಮೆಗಾರರು ಊರೆಲ್ಲ ಹುಡುಕುತ್ತಿರುವ ನಡುವಿನ ಅರ್ಥವೇ. ಅದರಲ್ಲಿ ಅಸಾಧ್ಯದ ವಾಸನೆಯೂ ಇಲ್ಲ. ಅದೇ ‘ಬಂದಾನು’ವನ್ನು ಪ್ರಶ್ನೆ ಮಾಡಿದರೆ, ‘ಅವನು ಬಂದಾನೇ!’, ಸಾಧ್ಯತೆ ಇದ್ದದ್ದು ತಟ್ಟನೆ ಇಲ್ಲವಾಗುತ್ತದೆ. ‘ಅವನೆಲ್ಲಿ ಬರುತ್ತಾನೆ!’ ಎಂಬಲ್ಲಿ ಸ್ಥಳ ಕೇಳುವ ಪದವೇ ಅಸಂಭವವನ್ನು ಹೇಳುತ್ತದೆ.

ಇನ್ನು ‘ಅವನು ಬರುವುದು ಅನುಮಾನ’. ಇದನ್ನು ಕೇಳಿದರೆ ನ್ಯಾಯಪಾಠಿಗಳಿಗೆ ಸಂಕಟವಾದೀತು. ಹೊಗೆಯಿಂದ ಬೆಂಕಿಯನ್ನು ಖಚಿತವಾಗಿ ತಿಳಿಯುವ ಪ್ರಮಾಣಕ್ಕೆ ಸಂಸ್ಕೃತದಲ್ಲಿ ಅನುಮಾನವೆಂದು ಹೆಸರು. ಕನ್ನಡಕ್ಕೆ ಬಂದು ಅದು ಶಂಕೆಯಾಗಿ, ಶಂಕೆಯಿಂದ ‘ಆಗಲಿಕ್ಕಿಲ್ಲ’ ಎಂಬಲ್ಲಿಗೆ ಬಂದು ನಿಂತಿದೆ.

ನ್ಯಾಯಪಾಠಿ:
ಸಂಕಟವೇನೂ ಇಲ್ಲ, ಹೊಗೆ ಕಂಡಲ್ಲೆಲ್ಲ ಬೆಂಕಿ ಹುಡುಕಿ ಬೇಸತ್ತವರು ಹಾಗೆ ಮಾಡಿಕೊಂಡಿರಬಹುದು. ಆದರೆ ತಕರಾರು ಒಂದಿದೆ. ಕ್ರಿಯಾಪದ ವಾಕ್ಯದಲ್ಲಿ ಚೆನ್ನಾಗಿ ನಿಲ್ಲುತ್ತದೆ. ತಲೆಬರಹದಲ್ಲಿ, ಕೋಷ್ಟಕದಲ್ಲಿ, ‘ಇದರ ___ ಎಷ್ಟು?’ ಎಂದು ಕೇಳುವಲ್ಲಿ ಏನು ಮಾಡುತ್ತೀರಿ? ‘ಬರಲಿಕ್ಕಿಲ್ಲದಿಕೆ’ ಎಂದು ಟಂಕಿಸುತ್ತೀರಾ?

ವ್ಯಾಕರಣದ ಗೀಳು:
ಆ ಪಾಪ ನನಗೆ ಬೇಡ. ಕೋಷ್ಟಕಕ್ಕೆ ಮೇಷ್ಟ್ರು ಹೇಳಿದ ‘ಸಂಭವ ಬಹಳ ಕಡಿಮೆ’ ಸಾಕು, ಪಕ್ಕದಲ್ಲಿ ಅಂಕಿ ಇರಲಿ. ಅಸಂಭವವನ್ನು ತಾರ್ಕಿಕರಿಗೇ ಬಿಟ್ಟುಕೊಡೋಣ. ತಮಿಳರು ಸಂಭವನೀಯತೆಗೆ ‘ನಿಗಳ್‌ದಗವು’ ಎಂದು ಕಟ್ಟಿಕೊಂಡಿದ್ದಾರೆ. ‘ನಿಗಳ್’ ಎಂದರೆ ನಡೆ, ‘ತಗವು’ ಎಂದರೆ ತಕ್ಕುದಾಗಿರುವಿಕೆ. ನಡೆಯಲು ತಕ್ಕುದು. ನಮ್ಮ ‘ತಕ್ಕ’ ಅದರ ಒಡಹುಟ್ಟು, ಬೇಕೆಂದವರು ಆ ಜಾಡು ಹಿಡಿಯಬಹುದು.

ತರ್ಜುಮೆಗಾರ:
ಎಲ್ಲರಿಗೂ ಕೃತಜ್ಞತೆಗಳು. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಅದು ಭೂಮಿಗೆ ಬಡಿಯಲಿಕ್ಕಿಲ್ಲ ಎಂದೇ ವಿಜ್ಞಾನಿಗಳು ಎಣಿಸಿದ್ದರು, ಆದರೆ ಬಡಿದೀತು ಎಂಬುದಕ್ಕೆ 37ರಲ್ಲಿ 1 ಪಾಲು ಅವಕಾಶವಿತ್ತು.’ ಗೆಳೆಯರು ಓದಿ ಈ ಬಾರಿ, ‘37ರಲ್ಲಿ 1 ಎಂದರೆ ಜಾಸ್ತಿಯೇ ಆಯಿತಲ್ಲ!’ ಎಂದು ಗಾಬರಿಯಾದರು.

ಗಣಿತದ ಮೇಷ್ಟ್ರು:
ಶೇಕಡಾ 2.7 ಎಂದು ಬರೆದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಎರಡೂ ಒಂದೇ ಲೆಕ್ಕ, ಆದರೂ ‘37ರಲ್ಲಿ 1’ ಎಂದಾಗ ಆ ಒಂದು ಕಣ್ಣಿಗೆ ಕಟ್ಟುತ್ತದೆ. ಹೆದರಿಸಬೇಕೆಂದಿದ್ದರೆ ಹಾಗೇ ಬಿಡಿ.

ಓದುಗಿ:
ಮಧ್ಯೆ ಬಾಯಿ ಹಾಕುತ್ತೇನೆ. ಪಾಲಿ ಸುತ್ತಗಳ, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳ, ಕುರುಡು ಆಮೆಯನ್ನು ಯಾರೂ ನೆನೆಯಲಿಲ್ಲ. ಮಹಾಸಾಗರದಲ್ಲಿ ಒಂದೇ ತೂತಿನ ನೊಗ ಗಾಳಿಗೆ ಅತ್ತಿತ್ತ ತೇಲುತ್ತಿದೆ. ನೂರು ವರ್ಷಕ್ಕೊಮ್ಮೆ ಮೇಲೆ ಬರುವ ಕುರುಡು ಆಮೆಯ ಕೊರಳು ಆ ತೂತಿಗೆ ಸಿಕ್ಕೀತೇ ಎಂದು ಬುದ್ಧ ಕೇಳುತ್ತಾನೆ. ಮನುಷ್ಯಜನ್ಮ ಅದಕ್ಕಿಂತ ಕಷ್ಟವೆಂಬುದು ತಾತ್ಪರ್ಯ. ಅಸಾಧ್ಯವೆಂದು ಎಲ್ಲೂ ಹೇಳುವುದಿಲ್ಲ. ಮೇಷ್ಟ್ರೇ, ಇದಕ್ಕೆ ಅಂಕಿ ಹಾಕಲಾದೀತೇ?

ಗಣಿತದ ಮೇಷ್ಟ್ರು:
ಸಾಗರದ ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್. ತೂತು ಒಂದು ಚದರ ಅಡಿಯಷ್ಟಿದೆ ಎನ್ನೋಣ. ಅಂಥವು ಒಂದು ಚದರ ಕಿಲೋಮೀಟರಿನಲ್ಲಿ 1 ಕೋಟಿಗಿಂತ ಸ್ವಲ್ಪ ಹೆಚ್ಚು. ಗುಣಿಸಿದರೆ 4ರ ಮುಂದೆ 15 ಸೊನ್ನೆ. ಆಮೆ ಅಷ್ಟು ಬಾರಿ ಮೇಲೆ ಬಂದರೆ ಸರಾಸರಿ ಒಮ್ಮೆ ಕೊರಳು ಸಿಕ್ಕೀತು. ಒಂದು ಬಾರಿಗೆ ನೂರು ವರ್ಷ. ನೊಗ ಅಲ್ಲಿಯವರೆಗೆ ಕೊಳೆಯದೆ ಇರಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.